ಸಕಲೇಶಪುರ ದಾಟಿದ್ರೆ ಫೋನ್ ಸತ್ತಂಗೆ: ಅಪ್ಪನ್ನ ಹಗಲು ರೈಲಲ್ಲಿ ಒಬ್ರೇ ಕಳ್ಸೋದು ಹೇಗೆ?

ಕಿಟಕಿಸೀಟು
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇರ್ಲಿ.

ಹೋದ ವಾರ ಅಪ್ಪನ್ನ ಯಶವಂತಪುರದಲ್ಲಿ ಹಗಲು ರೈಲಿಗೆ ಹತ್ತಿಸಿದೆ. 71 ವರ್ಷ, ಸಕ್ಕರೆ ಕಾಯಿಲೆ ಬಿಟ್ರೆ ಗಟ್ಟಿಮುಟ್ಟು. ಸುಬ್ರಹ್ಮಣ್ಯಕ್ಕೆ ಒಬ್ನೇ ಹೋಗ್ಬರ್ತೀನಿ ಅಂತ ಹಟ. ಹಾಸನದಲ್ಲಿ ಫೋನ್ ಮಾಡಿ "ಇಡ್ಲಿ ತಿಂದೆ, ಚಟ್ನಿ ಚೆನ್ನಾಗಿಲ್ಲ" ಅಂದ್ರು. ಸಕಲೇಶಪುರದಲ್ಲಿ ಒಂದು ಮಿಸ್ಡ್ ಕಾಲ್. ಅಷ್ಟೇ, ಆಮೇಲೆ ಸದ್ದೇ ಇಲ್ಲ.

"ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅನ್ನೋ ಆ ಯಮ್ಮನ ದನಿ ಎಷ್ಟು ಸಲ ಕೇಳಿದ್ನೋ, ಈಗ ಕನಸಲ್ಲೂ ಬರತ್ತೆ. ರೈಲು ಎಲ್ಲಿದೆ ಅಂತ ಆಪ್ ನೋಡಿದ್ರೆ ಡೋಣಿಗಲ್, ಸಕಲೇಶಪುರದ ಮುಂದಿನ ಸ್ಟೇಷನ್ನು. ಅರ್ಧ ಗಂಟೆ ಬಿಟ್ಟು ನೋಡಿದ್ರೂ ಡೋಣಿಗಲ್. ಎರಡು ಗಂಟೆ ಬಿಟ್ಟು ನೋಡಿದ್ರೂ ಅದೇ ಡೋಣಿಗಲ್! ಅಷ್ಟ್ರಲ್ಲಿ ಚಿಕ್ಕಮ್ಮ ಮನೆ ಗ್ರೂಪಿಗೆ ಯಾವುದೋ ಕಾಲದ ಗುಡ್ಡ ಕುಸಿದ ವಿಡಿಯೋ ಹಾಕಿ "ಇದೇ ಲೈನಾ ನೋಡೇ" ಅಂದ್ರು. ನಾನು ಆಫೀಸಿನ ಮೀಟಿಂಗಲ್ಲಿ ಕೂತು ಬೆವರ್ತಾ ಇದ್ದೆ. ಮತ್ತೆ ಟ್ರೈ ಮಾಡಿದ್ರೆ ಈ ಸಲ "ಸ್ವಿಚ್ ಆಫ್".

ನಾಲ್ಕೂವರೆ ಗಂಟೆ ಆದ್ಮೇಲೆ ಗೊತ್ತಿಲ್ಲದ ನಂಬರಿಂದ ಫೋನು. "ನಿಮ್ ತಂದೆಯವರಂತೆ, ಮಾತಾಡಿ." ಅಪ್ಪ ತಣ್ಣಗೆ, "ಗೂಡ್ಸ್ ಬಿಡಕ್ಕೆ ಘಾಟಿಲಿ ಎರಡು ಗಂಟೆ ನಿಲ್ಸಿದ್ರು ಕಣೆ. ಪಕ್ಕದವ್ರು ಹಲಸಿನ ಹಣ್ಣು ತಂದಿದ್ರು, ತಿಂದೆ." ಸಕ್ಕರೆ ಕಾಯಿಲೆ ಇರೋ ಮನುಷ್ಯ!

ಈಗ ಪ್ರಶ್ನೆ. ಆ ಘಾಟಿಯಲ್ಲಿ ಯಾವುದಾದ್ರೂ ಸಿಮ್ ಹಿಡಿಯತ್ತಾ? ಈ ಕಾಲದಲ್ಲೂ ಇಷ್ಟುದ್ದ ಫೋನೇ ಇಲ್ಲದ ದಾರಿ ಯಾಕಿದೆ? ಮುಂದಿನ ತಿಂಗಳು ಮತ್ತೆ ಹೊರಡ್ತಾರಂತೆ.

ನೆಟ್ಟಣದವ
ಎಂತ ಮಾರಾಯ್ರೆ, ನಿಮ್ಗೆ ಇದು ಹೊಸತಾ? ನಮ್ಗೆ ಹುಟ್ಟಿದಲ್ಲಿಂದ ಹೀಗೇ. ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್ ಬರುವವರೆಗೆ ರೇಂಜ್ ಕೇಳ್ಬಾರ್ದು. 55 ಕಿಲೋಮೀಟರ್, 57 ಸುರಂಗ, ನೂರಕ್ಕಿಂತ ಹೆಚ್ಚು ಸೇತುವೆ ಉಂಟು. ಅಪ್ಪ ಹಲಸಿನ ಹಣ್ಣು ತಿಂದದ್ದು ಒಳ್ಳೇದಾಯ್ತು, ಬಕ್ಕೆಯಾ (ಗಟ್ಟಿ ತೊಳೆಯದ್ದು) ತುಳುವನಾ (ಮೆತ್ತಗಿನದ್ದು) ಕೇಳಿ ಹೇಳಿ.

ಮೈಸೂರ್‌ಪಾಕು
ರೈಲು ಸ್ಪೀಡಾಗಿ ಹೋಗತ್ತಲ್ವಾ, ಒಂದು ಟವರಿಂದ ಇನ್ನೊಂದು ಟವರಿಗೆ ಫೋನ್ ಜಿಗಿಯೋಷ್ಟ್ರಲ್ಲಿ ಕಾಲ್ ಕಟ್ ಆಗತ್ತೆ. ಅದೇ ಕಾರಣ. ಎಲ್ಲಾ ರೈಲಲ್ಲೂ ಇದೇ ಕಥೆ.

ಹಾಸನ್_ಲೋಕಲ್
ಸ್ಪೀಡಾ? ಗುರು, ಆ ಘಾಟಿಯಲ್ಲಿ ರೈಲು ಹೋಗೋದು ಗಂಟೆಗೆ 30 ಕಿ.ಮೀ. 50 ಅಡಿ ಮುಂದೆ ಹೋದ್ರೆ 1 ಅಡಿ ಏರಿಳಿತ ಇರೋ ಹಳಿ ಅದು. ನಮ್ಮೂರ ಎತ್ತಿನ ಗಾಡಿಗೂ ಟವರ್ ಬದಲಾಯಿಸೋಕೆ ಟೈಮ್ ಸಿಗತ್ತೆ. ಮೊದ್ಲು ಬದಲಾಯಿಸೋಕೆ ಟವರ್ ಇರ್ಬೇಕಲ್ಲ?

ಮೈಸೂರ್‌ಪಾಕು
ಸರಿ ಸರಿ, ಘಾಟಿ ಬಗ್ಗೆ ನಾನ್ ಹೇಳಿಲ್ಲ. ನಮ್ಮ ಬೆಂಗಳೂರು ಲೈನಲ್ಲಿ ಹಾಗೇ ಆಗೋದು.

ಟವರ್ ಕೆಳಗಿನವ
ಹನ್ನೊಂದು ವರ್ಷ ಟವರ್ ನಿರ್ವಹಣೆಯಲ್ಲಿದ್ದೆ, ಈಗ ಬಿಟ್ಟಿದ್ದೀನಿ. ಕಂಪನಿ ಹೆಸರು ಕೇಳ್ಬೇಡಿ.

ಮೈಸೂರಿನವರು ಹೇಳಿದ್ದು ಬಯಲು ಸೀಮೆಗೆ ಅರ್ಧ ಸರಿ. ಅಲ್ಲೂ ದೊಡ್ಡ ತೊಂದರೆ ವೇಗ ಅಲ್ಲ, ಬೋಗಿ. ಈಗಿನ ಬೋಗಿಗಳ ಮೈ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್. ಅದರ ಮೇಲೆ ಎಸಿ ಆದ್ರೆ ಮುಚ್ಚಿದ ಗಾಜು, ಬಿಸಿಲು ತಡೆಯೋಕೆ ಆ ಗಾಜಿಗೆ ಲೋಹದ ತೆಳು ಲೇಪ ಇದ್ರಂತೂ ಮುಗೀತು. ಅನ್ನದ ಪಾತ್ರೆ ಒಳಗೆ ಫೋನ್ ಇಟ್ಟು ಮುಚ್ಚಳ ಹಾಕಿದ ಹಾಗೆ. ಅದಕ್ಕೇ ಸ್ಲೀಪರಲ್ಲಿ ಕಿಟಕಿ ಪಕ್ಕ ಎರಡು ಕಡ್ಡಿ ಬಂದ್ರೆ, ಅದೇ ರೈಲಿನ ಎಸಿಲಿ ಒಂದೂ ಬರಲ್ಲ. ಎಸಿಲಿ ಕೂತವರು ಬಾಗಿಲ ಹತ್ರ ಬಂದು ಮಾತಾಡೋದು ಇದಕ್ಕೇ. (ಮುಚ್ಚಿದ ಬಾಗಿಲ ಹತ್ರ ನಿಲ್ಲಿ, ತೆಗೆದು ನೇತಾಡಬೇಡಿ.)

ಘಾಟಿ ಕಥೆ ಬೇರೆ. ಸಿಗ್ನಲ್ ಬೆಳಕಿನ ಥರ, ಗುಡ್ಡ ಅಡ್ಡ ಬಂದ್ರೆ ಹಿಂದೆ ನೆರಳು. ಸುರಂಗದೊಳಗೆ ಬಾಯಿಂದ ಸ್ವಲ್ಪ ದೂರ ನುಗ್ಗತ್ತೆ, ತಿರುವು ಬಂದ್ರೆ ಅದೂ ಇಲ್ಲ. ಇನ್ನೊಂದು ಯಾರೂ ಗಮನಿಸಲ್ಲ: ನೆಟ್‌ವರ್ಕ್ ಸಿಗದಿದ್ರೆ ಫೋನು ಮೊದಮೊದ್ಲು ಒಂದೇ ಸಮ ಹುಡುಕತ್ತೆ, ಆಮೇಲೆ ಬ್ಯಾಟರಿ ಉಳಿಸೋಕೆ ಬಿಟ್ಟು ಬಿಟ್ಟು ಹುಡುಕತ್ತೆ. ಎರಡು ಸುರಂಗದ ನಡುವೆ ಅರ್ಧ ನಿಮಿಷ ಬಯಲು ಬಂದು, ಎಲ್ಲಿಂದಲೋ ಒಂದು ಕಡ್ಡಿ ಸಿಗ್ನಲ್ ಬಿದ್ರೂ ಫೋನು ಆಗ ನಿದ್ದೆಯಲ್ಲಿರತ್ತೆ. ಹಾಗೆ ಬಿಟ್ಟು ಬಿಟ್ಟು ಹುಡುಕಿದ್ರೂ ಗಂಟೆಗಟ್ಟಲೆ ಆದ್ರೆ ಬ್ಯಾಟರಿ ಖಾಲಿ. ನಿಮ್ಮ ತಂದೆ ಫೋನ್ ಸ್ವಿಚ್ ಆಫ್ ಆಗಿದ್ದು ಅದಕ್ಕೇ ಇರ್ಬೇಕು.

ಕಿಟಕಿಸೀಟು
ಹೌದು! ಸಕಲೇಶಪುರದಲ್ಲಿ 60 ಪರ್ಸೆಂಟ್ ಇತ್ತಂತೆ. ಹಳೇ ಫೋನು ಬೇರೆ. ನಾನು ಅವ್ರು ವಿಡಿಯೋ ನೋಡಿ ಖಾಲಿ ಮಾಡಿದ್ರು ಅಂತ ಬೈದ್ಬಿಟ್ಟೆ. ಪಾಪ.

ಟವರ್ ಕೆಳಗಿನವ
ಸಕಲೇಶಪುರದಲ್ಲಿ ಏರೋಪ್ಲೇನ್ ಮೋಡ್‌ಗೆ ಹಾಕೋಕೆ ಹೇಳಿ. ರೈಲು ಎಲ್ಲಾದ್ರೂ ಬಯಲಲ್ಲಿ ನಿಂತ್ರೆ ತೆಗೀಲಿ, ಫೋನು ಹೊಸದಾಗಿ ಹುಡುಕತ್ತೆ. ಸಿಕ್ಕರೆ ಕಾಲ್ ಮಾಡ್ಬೇಡಿ, ಎಸ್ಸೆಮ್ಮೆಸ್ ಕಳ್ಸಿ. ಕಾಲ್ ನಿಲ್ಲದ ಕಡೆನೂ ಒಂದು ಸಾಲಿನ ಮೆಸೇಜು ನುಸುಳಿಬಿಡತ್ತೆ.

ಆಪ್‌ಪ್ರಿಯ
ಡೋಣಿಗಲ್ ರಹಸ್ಯ ನಾನ್ ಹೇಳ್ತೀನಿ. 'ವೇರ್ ಈಸ್ ಮೈ ಟ್ರೈನ್' ಥರದ ಆಪು ಇಂಟರ್ನೆಟ್ ಇಲ್ದೆನೂ ರೈಲು ಎಲ್ಲಿದೆ ಅಂತ ತೋರಿಸೋದು ಹೇಗೆ? ಬೋಗಿಯೊಳಗಿನ ಫೋನುಗಳು ಯಾವ ಟವರ್ ಹಿಡೀತಿವೆ ಅನ್ನೋದ್ರಿಂದ ಜಾಗ ಲೆಕ್ಕ ಹಾಕತ್ತೆ. ನಮ್ಮ ಬೆಂಗಳೂರಿನ ಹುಡುಗರ ಕಂಪನಿ ಮಾಡಿದ್ದು ಅದು, 2018ರಲ್ಲಿ ಗೂಗಲ್ ಕೊಂಡುಕೊಳ್ತು. ಬಹಳ ಚಾಲಾಕು. ಆದ್ರೆ ಟವರೇ ಇಲ್ಲದ ಕಡೆ ಚಾಲಾಕುತನ ಎಲ್ಲಿಂದ ಬರಬೇಕು? ಕೊನೇ ಟವರ್ ಎಲ್ಲಿ ಸಿಕ್ಕಿತ್ತೋ ಅಲ್ಲೇ ರೈಲನ್ನ ನಿಲ್ಸಿಬಿಡತ್ತೆ. ರೈಲು ನಿಂತಿರಲ್ಲ, ಸುದ್ದಿ ನಿಂತಿರತ್ತೆ.

ರೈಲ್ವೆಯವರದ್ದೇ ಲೆಕ್ಕ ಬೇರೆ. ಘಾಟಿಯ ಸ್ಟೇಷನ್ನುಗಳಿಂದ ಕಂಟ್ರೋಲಿಗೆ ವರದಿ ಹೋಗತ್ತೆ, ಇಸ್ರೋ ಸಹಾಯದಲ್ಲಿ ಇಂಜಿನ್ನುಗಳಿಗೆ ಉಪಗ್ರಹದ ಸಾಧನನೂ ಹಾಕ್ತಿದ್ದಾರೆ. ಮುಂದಿನ ಸಲ 139ಕ್ಕೆ ಫೋನ್ ಮಾಡಿ ಕೇಳಿ.

ಕಿಟಕಿಸೀಟು
139 ತಲೆಗೇ ಹೊಳೀಲಿಲ್ಲ ನೋಡಿ. ಚಿಕ್ಕಮ್ಮನ ವಿಡಿಯೋ ನೋಡ್ತಾ ಕೂತಿದ್ದೆ.

ಮೌನಿಬಾಬಾ
ಎಲ್ಲರೂ ಯಾಕೆ ಇಷ್ಟು ಗೋಳಾಡ್ತೀರೋ. ಆ ಎರಡೂವರೆ ಗಂಟೆ ಸ್ವರ್ಗ. ಮಳೆಗಾಲದಲ್ಲಿ ಜಲಪಾತ, ಮೋಡ, ಹಸಿರು. ಫೋನ್ ಕೆಳಗಿಟ್ಟು ಕಿಟಕಿ ಹೊರಗೆ ನೋಡಿ. ಅಲ್ಲಿಗೂ ಟವರ್ ಬಂದ್ರೆ ರೀಲ್ಸ್ ಮಾಡೋರ ಗಲಾಟೆ. ದಯವಿಟ್ಟು ಘಾಟಿಯನ್ನ ಹಾಗೇ ಬಿಡಿ.

ಅಡಿಕೆತೋಟ
ವರ್ಷಕ್ಕೊಮ್ಮೆ ವಿಸ್ಟಾಡೋಮ್ ಅನ್ನುವ ಗಾಜಿನ ಬೋಗಿಯಲ್ಲಿ ಕೂತು ಬರುವವರಿಗೆ ಸ್ವರ್ಗವೇ ಸ್ವಾಮಿ. ನಾವು ಆಸ್ಪತ್ರೆಗೆ, ಕೋರ್ಟಿಗೆ, ಮಕ್ಕಳ ಕಾಲೇಜಿಗೆ ಅದೇ ರೈಲಲ್ಲಿ ಹೋಗುವುದು. ಕೊರೊನಾ ಸಮಯದಲ್ಲಿ ನಮ್ಮ ಸುಳ್ಯ ಕಡೆ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಕೂತದ್ದು ಪೇಪರಲ್ಲೆಲ್ಲ ಬಂದಿತ್ತು. ಅವರ ಹತ್ರ ಹೋಗಿ ಹೇಳಿ ನಿಮ್ಮ ಮೌನದ ಮಹಿಮೆ.

ಮೌನಿಬಾಬಾ
ನಾನು ರೈಲಿನ ಬಗ್ಗೆ ಮಾತ್ರ ಹೇಳಿದ್ದು.

ಅಡಿಕೆತೋಟ
ರೈಲಿನ ಕಾಡು ಬೇರೆ, ನಮ್ಮ ಕಾಡು ಬೇರೆ ಉಂಟಾ?

ಘಾಟಿಹುಡುಗ
ಇಬ್ರೂ ನಿಲ್ಸಿ. ಅಲ್ಲೇ ಹುಟ್ಟಿ ಬೆಳೆದವನು ಹೇಳ್ತೀನಿ.

ನಮ್ಮಪ್ಪ ಯಡಕುಮರಿ ಕಡೆ ಟ್ರ್ಯಾಕ್‌ಮನ್. ಗ್ಯಾಂಗ್‌ಮನ್ ಅಂತಿದ್ರು ಆಗ. ರಸ್ತೆ ಇಲ್ಲ, ಅಕ್ಕಿ ಬೇಳೆನೂ ರೈಲಲ್ಲೇ ಬರ್ತಿತ್ತು. ಮಳೆಗಾಲ ಬಂತು ಅಂದ್ರೆ ರಾತ್ರಿ ಗಸ್ತು. ಗುಡ್ಡ ಜರಿದಿದ್ಯಾ, ಹಳಿ ಮೇಲೆ ಕಲ್ಲು ಬಿದ್ದಿದ್ಯಾ ನೋಡ್ಕೊಂಡು ನಡೀಬೇಕು. ಕೈಯಲ್ಲಿ ಟಾರ್ಚು, ಬೆನ್ನಿಗೆ ಚೀಲ, ಚೀಲದಲ್ಲಿ ಕೆಂಪು ಬಾವುಟ ಮತ್ತೆ ಪಟಾಕಿ. ಡಿಟೋನೇಟರ್‌ನ ಅಪ್ಪ ಪಟಾಕಿ ಅಂತಿದ್ದಿದ್ದು. ಹಳಿಗೆ ಕಟ್ಟಿದ್ರೆ ಇಂಜಿನ್ ಹತ್ತಿದಾಗ ಢಂ ಅನ್ನತ್ತೆ, ಡ್ರೈವರ್ ನಿಲ್ಲಿಸ್ತಾನೆ. ಅದೇ ಅವರ ಮೊಬೈಲು. ವಾಕಿಟಾಕಿ ಬಂದಿದ್ದು ಆಮೇಲೆ, ಅದೂ ತಿರುವು ದಾಟಿದ್ರೆ ಬರೀ ಗೊರಗೊರ.

ಅಪ್ಪ ಬರೋದು ತಡ ಆದ್ರೆ ಅಮ್ಮ ನನ್ನನ್ನ ಸ್ಟೇಷನ್ನಿಗೆ ಓಡಿಸ್ತಿದ್ಲು. ಮಾಸ್ತರ್ರು ಕಪ್ಪು ಫೋನಿನ ಹಿಡಿಕೆ ಗರಗರ ತಿರುಗಿಸಿ ಮುಂದಿನ ಸ್ಟೇಷನ್ ಕೇಳೋರು. "ನಿಮ್ಮಪ್ಪ ದಾಟಿದ್ದಾನಂತೆ ಹೋಗೋ." ಓಡಿ ಬಂದು ಹೇಳಿದ್ರೆ ಅಮ್ಮ ಏನೂ ಮಾತಾಡ್ತಿರ್ಲಿಲ್ಲ, ಒಲೆಗೆ ಇನ್ನೊಂದು ಕೊಳ್ಳಿ ನೂಕೋಳು.

2024ರ ಜುಲೈನಲ್ಲಿ ಯಡಕುಮರಿ ಮತ್ತೆ ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲು ನಿಂತಾಗ ನೂರಾರು ಜನ ಆ ಮಳೆಯಲ್ಲಿ ಹಗಲು ರಾತ್ರಿ ಕೆಲ್ಸ ಮಾಡಿದ್ರಲ್ಲ, ಅವರ ಮನೆಯವರೂ ಹೀಗೇ ಕಾಯ್ತಿರ್ತಾರೆ. ಅದಕ್ಕೇ "ಘಾಟಿಯನ್ನ ಹಾಗೇ ಬಿಡಿ" ಅಂದಾಗ ನಂಗೆ ರೇಗತ್ತೆ. ರೀಲ್ಸಿನವರಿಗಲ್ಲ, ಅಲ್ಲಿ ಕೆಲ್ಸ ಮಾಡೋರಿಗೆ ಬೇಕು ಸಿಗ್ನಲ್ಲು.

ನೆಟ್ಟಣದವ
👏 ಮಾತೇ ಇಲ್ಲ.

ಮೌನಿಬಾಬಾ
ಸರಿ ಸರ್. ಇದು ಯೋಚನೆ ಮಾಡಿರ್ಲಿಲ್ಲ.

ಟ್ರೆಕ್‌ಹುಚ್ಚ
ಯಡಕುಮರಿ ಅಂದ್ರಿ, ಹಳೇ ಗ್ರೀನ್ ರೂಟ್ ನೆನಪಾಯ್ತು. ಈಗ್ಲೂ ಹಳಿ ಮೇಲೆ ನಡ್ಕೊಂಡು ಹೋಗ್ಬಹುದಾ?

ಹಾಸನ್_ಲೋಕಲ್
ಹೋಗಂಗಿಲ್ಲ. ರೈಲ್ವೆ ಕಾಯ್ದೆಯ 147ನೇ ಕಲಂ, ಆರು ತಿಂಗಳವರೆಗೆ ಜೈಲು ಇಲ್ಲಾ ದಂಡ. ಸುರಂಗದ ಮಧ್ಯೆ ಇದ್ದಾಗ ರೈಲು ಬಂದ್ರೆ ಫೋನೂ ಇಲ್ಲ, ಓಡೋಕೆ ಜಾಗನೂ ಇಲ್ಲ. ಬೇರೆ ಬೆಟ್ಟ ನೋಡ್ಕೊ.

ಧಾರವಾಡದ ಮಂದಿ
ಅಕ್ಕಾರ, ನಮ್ಮ ಕಡೀನೂ ಇದ ಹಣೇಬರಹ. ಗೋವಾಕ್ಕ ಹೋಗೂ ಮುಂದ ಕ್ಯಾಸಲ್‌ರಾಕ್ ದಾಟಿದ್ರ ಮುಗೀತು, ಫೋನ್ ಕಲ್ಲಿದ್ದಂಗ. ನಿಮ್ಮದು 50ಕ್ಕ 1 ಅಂದ್ರಿ, ನಮ್ಮದು 37ಕ್ಕ 1 ಏರು ಅದ. ದೂಧಸಾಗರ ಬಂತಂದ್ರ ಬೋಗಿ ಮಂದಿ ಎಲ್ಲಾ ಒಂದ ಕಡೆ ಕಿಟಕಿಗೆ ಬಂದು ಫೋಟೋ ಹೊಡೀತಾರ, ಕಳಸಾಕ ಆಗಂಗಿಲ್ಲ. ಘಟ್ಟ ಇಳದು ಕುಳೆ ಸ್ಟೇಷನ್ ಬಂದ ಮ್ಯಾಲ ಎಲ್ಲಾರ ಫೋನೂ ಒಮ್ಮೆ ಟಿಣ್ ಟಿಣ್ ಅಂತಾವ, ಗುಡಿಯೊಳಗ ಮಂಗಳಾರತಿ ಆದಂಗ.

ಮೈಸೂರ್‌ಪಾಕು
ನಿಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್ ಅಲ್ವಾ, ಪ್ರಪಂಚದಲ್ಲೇ ಉದ್ದ?

ಧಾರವಾಡದ ಮಂದಿ
ಹೌದ್ರಿ. ಈ ತುದಿಯಿಂದ ಆ ತುದಿಗೆ ನಡಕೋತ ಹೋದ್ರ ಫೋನ್ ಎರಡ ಟವರ್ ಬದ್ಲಿ ಮಾಡಿರ್ತದ, ಚಾ ಆರಿರ್ತದ.

ಮುಂಬೈ ಕನ್ನಡಿಗ
ಕೊಂಕಣ ರೈಲ್ವೆಯವರನ್ನು ಮರೆಯಬೇಡಿ. ಮತ್ಸ್ಯಗಂಧದಲ್ಲಿ ಇಪ್ಪತ್ತು ವರ್ಷದಿಂದ ಊರಿಗೆ ಬರುತ್ತಿದ್ದೇನೆ. 90ಕ್ಕೂ ಮೇಲೆ ಸುರಂಗ, ರತ್ನಾಗಿರಿ ಹತ್ತಿರದ ಕರ್ಬುಡೆ ಒಂದೇ ಆರೂವರೆ ಕಿ.ಮೀ. ನನ್ನ ಹೆಂಡತಿಗೆ ಗೊತ್ತು, ಮಾತು ಬೇಡ ಅನ್ನಿಸಿದಾಗ ನಾನು "ಸುರಂಗ ಬಂತು" ಅಂತೇನೆ. ಒಮ್ಮೆ ಉಡುಪಿ ಸ್ಟೇಷನ್ನಿನಲ್ಲಿ ನಿಂತಾಗಲೂ ಸುರಂಗ ಬಂತು ಅಂದು ಸಿಕ್ಕಿಬಿದ್ದೆ.

ಚಹಾಗಿರಾಕಿ
😂 ದುಡ್ಡು ಕೊಡೋ ಗೋಳು ಯಾರೂ ಹೇಳ್ಲಿಲ್ಲ. ಕೈಯಲ್ಲಿ ನೋಟಿಟ್ಕೊಳ್ಳೋದು ಬಿಟ್ಟು ವರ್ಷ ಆಯ್ತು. ಮಂಗಳೂರಿಗೆ ಓದೋಕೆ ಹೋಗ್ವಾಗ ಸಕಲೇಶಪುರ ದಾಟಿದ್ಮೇಲೆ ವಡೆ ತಗೊಂಡೆ, ಬಾಯಿಗೂ ಇಟ್ಟೆ, ಸ್ಕ್ಯಾನ್ ಮಾಡಿದ್ರೆ ಸುತ್ತತಾನೇ ಇದೆ ಆ ಚಕ್ರ. ಮಾರೋರು ಬೈಯ್ಯಲಿಲ್ಲ. "ಹೊಸಬ್ರಾ? ಘಾಟಿ ಇಳಿದ್ಮೇಲೆ ಹಾಕಿ" ಅಂತ ಸೀಟ್ ನಂಬರ್ ಕೈ ಮೇಲೆ ಬಾಲ್‌ಪೆನ್ನಲ್ಲಿ ಬರ್ಕೊಂಡ್ರು. ಮೊಣಕೈವರೆಗೂ ನಂಬರೇ ಇತ್ತು ಅವರ ಕೈಯಲ್ಲಿ! ಸುಬ್ರಹ್ಮಣ್ಯ ರೋಡ್ ಹತ್ರ ಬಂದು ಒಬ್ಬೊಬ್ಬರ ಹತ್ರನೂ ವಸೂಲಿ ಮಾಡಿದ್ರು.

ನೆಟ್ಟಣದವ
ನೂರರ ನೋಟು ಎರಡು ಇಟ್ಕೊಳ್ಳಿ ಮಾರ್ರೆ.

ಆಪ್‌ಪ್ರಿಯ
ಟಿಕೆಟ್ ಬಗ್ಗೆನೂ ಹೇಳ್ಬಿಡ್ತೀನಿ. ಟಿಟಿಇ ಬಂದಾಗ ಆಪ್ ತೆರೀಲಿಲ್ಲ ಅಂತ ಗಾಬರಿ ಬೇಡ, ರಿಸರ್ವೇಷನ್ ಆಗಿದ್ರೆ ಬಂದ ಎಸ್ಸೆಮ್ಮೆಸ್ಸು ಮತ್ತೆ ಮೂಲ ಗುರುತಿನ ಚೀಟಿ ಸಾಕು.

ವೈಫೈ_ಎಲ್ಲಿ
ಅದೆಲ್ಲ ಬಿಡಿ, ರೈಲಲ್ಲೇ ವೈಫೈ ಕೊಡ್ತೀವಿ ಅಂತಿದ್ರಲ್ಲ, ಏನಾಯ್ತು?

ಟವರ್ ಕೆಳಗಿನವ
ಹೌರಾ ರಾಜಧಾನಿಯಲ್ಲಿ ಉಪಗ್ರಹದ ಮೂಲಕ ಪ್ರಯೋಗ ಮಾಡಿದ್ರು. ಖರ್ಚು ವಿಪರೀತ, ವೇಗ ಸಾಲದು ಅಂತ ಕೈಬಿಟ್ಟಿದ್ದೀವಿ ಅಂತ 2021ರಲ್ಲಿ ಸಂಸತ್ತಿನಲ್ಲೇ ಹೇಳಿದ್ರು. ಅದೇ ವರ್ಷ ರೈಲ್ವೆಗೆ 700 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಕೊಟ್ರು, ಆದ್ರೆ ಅದು ಅವರ ಸುರಕ್ಷತೆಗೆ, ಸಿಗ್ನಲಿಂಗಿಗೆ. ನಮ್ಮ ವಾಟ್ಸಾಪಿಗಲ್ಲ. ಸ್ಟೇಷನ್ ವೈಫೈ ಅಂತೂ 6,000ಕ್ಕೂ ಮೇಲೆ ಕಡೆ ಇದೆ, ಮೊದಲ ಅರ್ಧ ಗಂಟೆ ಪುಕ್ಕಟೆ.

ವೈಫೈ_ಎಲ್ಲಿ
ಆ ವೈಫೈಗೆ ಓಟಿಪಿ ಬರ್ಬೇಕು. ಓಟಿಪಿ ಬರೋಕೆ ಸಿಗ್ನಲ್ ಬೇಕು. ಸಿಗ್ನಲ್ ಇದ್ರೆ ವೈಫೈ ಯಾಕೆ ಬೇಕು?

ಜರ್ಮನಿ_ಗೌಡ
ಇಲ್ಲೂ ಇದೇ ಗೋಳು ಅಂದ್ರೆ ನಂಬ್ತೀರಾ? ಸಿಗ್ನಲ್ ಇಲ್ಲದ ಜಾಗಕ್ಕೆ ಇವರ ಭಾಷೇಲಿ ಒಂದು ಪದಾನೇ ಇದೆ, ಫುಂಕ್‌ಲೋಖ್, ರೇಡಿಯೋ ತೂತು ಅಂತ. ಇವರು ಮಾಡಿದ ಒಂದು ಉಪಾಯ ಇಷ್ಟ ಆಯ್ತು: ಕಿಟಕಿ ಗಾಜಿನ ಲೋಹದ ಲೇಪಕ್ಕೆ ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಕೊರೀತಾರೆ. ಬಿಸಿಲು ಹೊರಗೇ ನಿಲ್ಲತ್ತೆ, ಸಿಗ್ನಲ್ ಒಳಗೆ ಬರತ್ತೆ.

ಅಡಿಕೆತೋಟ
ನಮ್ಗೆ ಮೊದ್ಲು ಹೊರಗೆ ಬರ್ಲಿ ಸಿಗ್ನಲ್, ಆಮೇಲೆ ಒಳಗೆ ತರುವ.

ಘಾಟಿಹುಡುಗ
@ಟವರ್ ಕೆಳಗಿನವ, ನಿಜ ಹೇಳಿ, ಅಲ್ಲಿ ಟವರ್ ಹಾಕೋಕೆ ಆಗಲ್ವಾ?

ಟವರ್ ಕೆಳಗಿನವ
ಆಗತ್ತೆ. ಲಾಭ ಆಗಲ್ಲ.

ಒಂದು ಟವರಿಗೆ ಕರೆಂಟು, ಸಾಮಾನು ಸಾಗಿಸೋಕೆ ದಾರಿ, ಹಿಂದಿನಿಂದ ಕೇಬಲ್ಲು ಇಲ್ಲಾ ಇನ್ನೊಂದು ಟವರ್ ಕಣ್ಣಿಗೆ ಕಾಣೋ ಜಾಗ, ಇಷ್ಟು ಬೇಕು. ಕಾಡಿನೊಳಗೆ ಅರಣ್ಯ ಇಲಾಖೆ ಅನುಮತಿ ಬೇರೆ. ಇಷ್ಟೆಲ್ಲ ಮಾಡಿದ್ರೆ ಸಿಗೋ ಗಿರಾಕಿ ಯಾರು? ದಿನಕ್ಕೆ ಬೆರಳೆಣಿಕೆ ರೈಲು, ಒಂದೊಂದೂ ಹತ್ತು ನಿಮಿಷ. ಉಳಿದ ಹೊತ್ತು ಕಪ್ಪೆ, ಆನೆ. ಕಂಪನಿಯವರ ಕಣ್ಣಲ್ಲಿ ಅದು ಯಾರ ಜಾಗನೂ ಅಲ್ಲ. ಟವರ್ ಕಂಪನಿದು ಅಂತ ರೈಲ್ವೆ ಅನ್ನತ್ತೆ, ಜಾಗ ರೈಲ್ವೆದು ಅಂತ ಕಂಪನಿ ಅನ್ನತ್ತೆ.

ಆದ್ರೆ ನನ್ನ ತಲೇಲಿ ಕೊರೀತಿರೋದು ಇದು. ಡೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು, ನಾಲ್ಕು ಸ್ಟೇಷನ್ ಇವೆ. ರೈಲ್ವೆಗೆ ತನ್ನದೇ ದೂರಸಂಪರ್ಕ ಇಲ್ಲದೆ ಅಲ್ಲಿ ರೈಲು ಓಡಿಸೋಕೇ ಆಗಲ್ಲ. ವಿದ್ಯುದೀಕರಣಕ್ಕೆ ಅಂತ 2025ರಲ್ಲಿ ಹಗಲು ರೈಲು ತಿಂಗಳುಗಟ್ಟಲೆ ನಿಲ್ಲಿಸಿ ಹಳಿ ಉದ್ದಕ್ಕೂ ಕಂಬ ನೆಟ್ಟಿದ್ದೂ ಆಯ್ತು. ಬೆಟ್ಟದ ಮೇಲೆ ದೊಡ್ಡ ಟವರ್ ಯಾಕೆ? ಸ್ಟೇಷನ್ನಿಗೊಂದು ಸಣ್ಣ ಆಂಟೆನಾ, ಉದ್ದ ಸುರಂಗದೊಳಗೆ ಸೋರುವ ಕೇಬಲ್ ಸಾಕು. ಸೋರುವ ಕೇಬಲ್ ಅಂದ್ರೆ ಮೈಯೆಲ್ಲ ಸಣ್ಣ ಸೀಳಿರೋ ತಂತಿ, ತೂತು ಬಿದ್ದ ಪೈಪಿಂದ ತೋಟಕ್ಕೆ ನೀರು ಬಿಟ್ಟ ಹಾಗೆ ಉದ್ದಕ್ಕೂ ಸಿಗ್ನಲ್ ಸೋರತ್ತೆ. ಮೆಟ್ರೋ ಸುರಂಗಗಳಲ್ಲಿ ಹಾಕೋದು ಅದೇ. ಒಂದೇ ಟವರ್ ಎಲ್ಲಾ ಕಂಪನಿ ಗಿರಾಕಿಗಳೂ ಬಳಸೋ ವ್ಯವಸ್ಥೆ ಸರ್ಕಾರದ ಹಣದ ಟವರುಗಳಲ್ಲಿ 2025ರ ಜನವರಿಯಿಂದ ಶುರುವಾಗಿದೆ. ಇಲ್ಲೂ ಅದೇ ಮಾಡಿದ್ರೆ ನಿಮ್ಮ ಸಿಮ್ ನನ್ನ ಸಿಮ್ ಅನ್ನೋ ಜಗಳನೂ ಇರಲ್ಲ.

ಹಾಸನ್_ಲೋಕಲ್
1979ರಲ್ಲಿ ಈ ಲೈನ್ ಬಂತು. ಬ್ರಾಡ್‌ಗೇಜ್ ಮಾಡ್ತೀವಿ ಅಂತ 1996ರಲ್ಲಿ ಮುಚ್ಚಿದವರು ಪ್ಯಾಸೆಂಜರ್ ರೈಲು ಮತ್ತೆ ಬಿಟ್ಟಿದ್ದು 2007ರ ಡಿಸೆಂಬರಲ್ಲಿ. ಆ ಲೆಕ್ಕದಲ್ಲಿ ಸಿಗ್ನಲ್ ಯಾವಾಗ ಬರ್ಬಹುದು ಅಂತ ನೀವೇ ಗುಣಿಸ್ಕೊಳಿ.

ನೆಟ್ಟಣದವ
ಗುಣಿಸಿದೆ. ನನ್ನ ಮೊಮ್ಮಕ್ಕಳ ಮದುವೆಗೆ.

ಧಾರವಾಡದ ಮಂದಿ
ಅಕ್ಕಾರ, ಅಪ್ಪಾರು ಅರಾಮ್ ಅದಾರಲ್ರಿ? ಸಕ್ಕರಿ ನೋಡಿಸಿದ್ರಿ?

ಕಿಟಕಿಸೀಟು
ಅರಾಮಿದ್ದಾರೆ. ಬಂದ ಮಾರನೇ ದಿನವೇ ರಕ್ತ ಪರೀಕ್ಷೆ ಮಾಡಿಸ್ದೆ, ಸ್ವಲ್ಪ ಏರಿದೆ. ಕೇಳಿದ್ರೆ "ಎಂಟೇ ತೊಳೆ" ಅಂತಾರೆ. @ನೆಟ್ಟಣದವ, ಬಕ್ಕೆಯಂತೆ.

ಫೋನ್ ಕೊಟ್ಟ ಪುಣ್ಯಾತ್ಮರು ಆಲೂರಿನವರು. ಇಬ್ರ ಫೋನಲ್ಲೂ ಸಿಗ್ನಲ್ ಇಲ್ಲ, ಅಪ್ಪನ ಫೋನ್ ಸತ್ತೇ ಹೋಗಿದೆ, ಅದಕ್ಕೆ ಅವ್ರ ನಂಬರ್‌ನ ಅಪ್ಪ ದೇವಸ್ಥಾನದ ಸೇವಾ ಚೀಟಿ ಹಿಂದೆ ಬರೆಸ್ಕೊಂಡು ಬಂದಿದ್ದಾರೆ. ಈಗ ದಿನಾ ಬೆಳಿಗ್ಗೆ ಆರಕ್ಕೆ ಆ ನಂಬರಿಗೆ ಸೂರ್ಯ, ಗುಲಾಬಿ, ಶುಭೋದಯ.

ಮುಂದಿನ ತಿಂಗಳಿಗೆ ಒಂದು ಕಾಗದದಲ್ಲಿ ಬರೆದು ಅಂಗಿ ಜೇಬಿಗೆ ಹಾಕ್ತೀನಿ. ಸಕಲೇಶಪುರದಲ್ಲಿ ಫೋನ್ ಮಾಡಿ ಏರೋಪ್ಲೇನ್ ಮೋಡ್. ಇನ್ನೂರು ರೂಪಾಯಿ ಚಿಲ್ಲರೆ. ನನ್ನ ನಂಬರ್ ಕಾಗದದ ಮೇಲೆ. ಹಲಸು ಬೇಡ. ಡೋಣಿಗಲ್‌ನಲ್ಲಿ ರೈಲು ನಿಂತ ತಕ್ಷಣ ಒಂದು ಮೆಸೇಜ್. ಸರಿ ಇದ್ಯಾ?

ಹಾಸನ್_ಲೋಕಲ್
ಡೋಣಿಗಲ್‌ನಲ್ಲಿ ಸ್ಟಾಪ್ ಇಲ್ಲ ಕಣ್ರೀ. ಎದುರಿಂದ ರೈಲು ಬಂದು ಕ್ರಾಸಿಂಗ್ ಬಿದ್ರೆ ನಿಲ್ಲತ್ತೆ ಅಷ್ಟೇ.